ಬೋಳು ಬಾಗಿಲುಗಳ ದಸರೆ

ಆಷಾಢದ ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ಮುಂಜಾನೆ, ನಮ್ಮ ವಸತಿನಿಲಯದ ನಡುವಿನ ಸ್ನಾನದ ಮನೆಯ ಬಾಗಿಲು ಒಳಗಿನಿಂದಲೂ ತೆರೆಯಲಿಲ್ಲ, ಹೊರಗಿನಿಂದಲೂ ತೆರೆಯಲಿಲ್ಲ. ಒಳಗೆ ಒಬ್ಬ ಹುಡುಗಿ ಇದ್ದಳು.

ನಮ್ಮದು ಮೈಸೂರಿನ ಲಷ್ಕರ್ ಮೊಹಲ್ಲಾದ ಇಕ್ಕಟ್ಟಾದ ಅಡ್ಡರಸ್ತೆಯೊಂದರಲ್ಲಿರುವ ಹಳೆಯ ಕಟ್ಟಡ. ದುಡಿಯುವ ಹೆಣ್ಣುಮಕ್ಕಳಿಗಾಗಿ ಒಂದು ಸಮಿತಿ ಇಲ್ಲಿ ವಸತಿನಿಲಯ ನಡೆಸುತ್ತದೆ. ನಾನು ಅದರ ಮೇಲ್ವಿಚಾರಕಿ. ಇಲ್ಲಿರುವವರಲ್ಲಿ ಹೆಚ್ಚಿನವರು ಹೂಟಗಳ್ಳಿಯ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗುವವರು. ಮೊದಲ ಪಾಳಿಯ ಬಸ್ಸು ಯಾರಿಗಾಗಿಯೂ ಕಾಯುವುದಿಲ್ಲ. ಆದ್ದರಿಂದ ಮುಂಜಾನೆ ಸ್ನಾನದ ಮನೆಗಳ ಮುಂದೆ ಬಕೆಟ್ಟುಗಳ ಸಾಲು, ಆತುರ, ಬೈಗುಳ ಎಲ್ಲವೂ ಇರುತ್ತವೆ. ಆ ದಿನ ಬೈಗುಳದ ಬದಲು ಕೂಗು ಕೇಳಿಸಿತು.

“ಎಳಿಯೇ ಜೋರಾಗಿ!”

“ಎಳೀತಾನೇ ಇವ್ನಿ ಕಣ್ರೇ! ಹಿಡಿ ಕಿತ್ಕೊಂಡು ಕೈಗೇ ಬಂದ್ಬುಡ್ತು!”

ಬಾಗಿಲು ಒಳಮುಖವಾಗಿ ತೆರೆಯುವಂಥದ್ದು. ತಿಂಗಳಿಂದ ನೀರು ಕುಡಿದ ಮರ ಉಬ್ಬಿ, ಚೌಕಟ್ಟಿನೊಳಗೆ ಬಿರಡೆಯಂತೆ ಕೂತುಬಿಟ್ಟಿತ್ತು. ನಾವು ಹೊರಗಿನಿಂದ ತಳ್ಳಿದೆವು. ಒಬ್ಬರ ಕೈ ಇನ್ನೊಬ್ಬರಿಗೆ ಅಡ್ಡವಾಯಿತೇ ಹೊರತು ಬಾಗಿಲು ಕದಲಲಿಲ್ಲ. ಕಡೆಗೆ ನಮ್ಮ ಅಡುಗೆಯಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು. ಆಕೆ ದಪ್ಪ ಮೈಯವರು, ದೊಡ್ಡ ದನಿಯವರು.

“ಸರೀರಿ ಅತ್ಲಾಗೆ. ಏಯ್ ಒಳಗಿರೋಳೇ, ಗೋಡೆಗೆ ಅಂಟ್ಕೊಂಡು ನಿಂತ್ಕೊ!”

ಆಕೆಯ ಭುಜದ ಎರಡನೆಯ ಪೆಟ್ಟಿಗೆ ಬಾಗಿಲಿನ ಕೆಳಪಟ್ಟಿ ಸೀಳಿಕೊಂಡು ಕದ ಹಿಂದಕ್ಕೆ ಬಡಿಯಿತು. ಒದ್ದೆ ಬಟ್ಟೆಯಲ್ಲಿ, ಕಿತ್ತ ಹಿಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹುಡುಗಿ ಹೊರಬಂದಳು. ಬಸ್ಸು ತಪ್ಪಿತು. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಮರುದಿನದಿಂದ ಅವಳು ಚಿಲಕ ಹಾಕುವುದನ್ನು ಬಿಟ್ಟಳು. ಬಾಗಿಲಿಗೆ ತುಂಬಿದ ಬಕೆಟ್ಟನ್ನು ಒತ್ತರಿಸಿ, ಹೊರಗೆ ಗೆಳತಿಯೊಬ್ಬಳನ್ನು ಕಾವಲು ನಿಲ್ಲಿಸಿ, ನಾಲ್ಕು ಚೊಂಬು ಸುರಿದುಕೊಂಡು ಓಡಿಬರುತ್ತಿದ್ದಳು. ಗೆಳತಿಯರಿಗೂ ಅವರವರ ಪಾಳಿ, ಅವರವರ ಬಸ್ಸು. ಕಾವಲಿಗೆ ಯಾರೂ ಸಿಗದ ದಿನ ಅವಳು ಬರಿಯ ಮುಖ ತೊಳೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಒಂದು ಸಂಜೆ ನನ್ನ ಕೋಣೆಗೆ ಬಂದು ನಿಂತಳು.

“ಮೇಡಂ, ನಾನು ಊರಿಗೆ ಹೋಗ್ಬುಡ್ತೀನಿ ಅನ್ಸುತ್ತೆ.”

“ಕೆಲಸ?”

“ಕೆಲ್ಸ ಬೇಕು ಮೇಡಂ. ಕೆಲ್ಸ ಬೇಕು ಅಂತಾನೇ ಇಷ್ಟು ದಿನ ತಡ್ಕೊಂಡೆ. ಬಾತ್‌ರೂಮಲ್ಲಿ ಬಾಗ್ಲು ಹಾಕಿದ್ ತಕ್ಷಣ ಉಸಿರು ಕಟ್ದಂಗಾಯ್ತದೆ, ಅಷ್ಟೇ.”

ಅವಳ ಊರು ಮಂಡಕಳ್ಳಿಯನ್ನೂ ದಾಟಿ ನಂಜನಗೂಡಿನ ಕಡೆಗೆ. ಅಲ್ಲಿಂದ ಹೂಟಗಳ್ಳಿಯ ಮೊದಲ ಪಾಳಿಗೆ ದಿನವೂ ಬಂದುಹೋಗುವುದು ಆಗದ ಮಾತು. ವಸತಿನಿಲಯ ಬಿಟ್ಟರೆ ಕೆಲಸವನ್ನೂ ಬಿಟ್ಟಂತೆಯೇ. ಅವಳು ತರಬೇತಿಯ ಅವಧಿಯಲ್ಲಿದ್ದಳು. ಅದು ಮುಗಿದರೆ ಕೆಲಸ ಕಾಯಂ ಆಗುವುದಿತ್ತು. ಅವಳ ಮನೆತನದಲ್ಲಿ ಕಾರ್ಖಾನೆಯ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡ ಮೊದಲ ಹೆಣ್ಣು ಅವಳೇ. ಇಂಥವಳು ಒಂದು ಕೊಳೆತ ಬಾಗಿಲಿನ ದೆಸೆಯಿಂದ ಹಿಂತಿರುಗಬೇಕೆಂಬುದನ್ನು ನನ್ನ ಮನಸ್ಸು ಒಪ್ಪಲಿಲ್ಲ. ದುಡಿಯಲು ಬಂದ ಹೆಣ್ಣಿಗೆ ನಗರವು ಮೊದಲು ಕೊಡಬೇಕಾದದ್ದು ಒಳಗಿನಿಂದ ನಿರ್ಭಯವಾಗಿ ಹಾಕಿಕೊಳ್ಳಬಹುದಾದ ಒಂದು ಚಿಲಕವನ್ನು ಎಂದು ನಾನು ನಂಬಿದವಳು. ಉಳಿದ ಹಕ್ಕುಗಳ ಮಾತು ಅದರ ಅನಂತರದ್ದು.

ಆ ವಾರವೇ ಸಮಿತಿಯ ಸಭೆ ಕರೆಸಿದೆ. ಕಾಲೇಜಿನ ಚರ್ಚಾಕೂಟಗಳಲ್ಲಿ ನಾನು ಕಲಿತ ಮೊದಲ ಪಾಠ, ಎದುರಾಳಿಯ ವಾದವನ್ನು ಅವರಿಗಿಂತ ಚೆನ್ನಾಗಿ ನಾವೇ ಮಂಡಿಸಿ ಆಮೇಲೆ ಅದನ್ನು ಕೆಡವಬೇಕು ಎಂಬುದು. ಆದ್ದರಿಂದ ಈಗಿರುವ ಬಾಗಿಲುಗಳ ತೇಗದ ಮರದ ಪರವಾಗಿ ಹೇಳಬಹುದಾದ್ದನ್ನೆಲ್ಲ ನಾನೇ ಹೇಳಿದೆ: ಅದರ ಗಟ್ಟಿತನ, ಅದರ ಎಣ್ಣೆಯಂಶ, ಕಟ್ಟಡವನ್ನು ದಾನ ಕೊಟ್ಟ ಹಿರಿಯರ ನೆನಪು. ಬಳಿಕ, ಕಟ್ಟಡದ ಅಷ್ಟೂ ಬಾಗಿಲುಗಳನ್ನು ತೆಗೆದು ಮರದ ಪುಡಿ ಮತ್ತು ಪ್ಲಾಸ್ಟಿಕ್ಕನ್ನು ಬೆರೆಸಿ ಒತ್ತಿ ಮಾಡುವ ಡಬ್ಲ್ಯುಪಿಸಿ ಬಾಗಿಲುಗಳನ್ನು ಹಾಕಬೇಕೆಂದು ಪ್ರತಿಪಾದಿಸಿದೆ. ಅವು ನೀರು ಕುಡಿಯುವುದಿಲ್ಲ, ಉಬ್ಬುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ ಎಂಬ ಮೂರು ಆಧಾರಗಳ ಮೇಲೆ ನನ್ನ ವಾದ ನಿಂತಿತ್ತು.

ಸಮಿತಿಯ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದರು.

“ಚೆನ್ನಾಗಿ ಮಾತಾಡಿದೆ ಕಣಮ್ಮ. ಸ್ನಾನದ ಮನೆ ಕದ ಬೇಕಾದ್ರೆ ಬದಲಾಯಿಸು. ಬಾಗಿಲುವಾಡಕ್ಕೆ ಮಾತ್ರ ಕೈ ಹಾಕ್ಬೇಡ. ಆಷಾಢದಲ್ಲಿ ಯಾರಾದ್ರೂ ಬಾಗಿಲುವಾಡ ಕೀಳ್ತಾರೇನಮ್ಮಾ?”

ಬಾಗಿಲುವಾಡವೆಂದರೆ ಕದವನ್ನು ಹೊತ್ತು ನಿಲ್ಲುವ ಚೌಕಟ್ಟು. ಮನೆ ಕಟ್ಟುವಾಗ ಪೂಜೆ ಮಾಡಿ ನಿಲ್ಲಿಸುವಂಥದ್ದು. ಆಷಾಢದಲ್ಲಿ ಅದನ್ನು ಮುಟ್ಟುವ ರೂಢಿಯಿಲ್ಲ.

“ಸ್ನಾನದ ಮನೆಯ ಬಾಗಿಲುವಾಡಕ್ಕೂ ಆಷಾಢವೇ ಸರ್?”

“ಯಾಕೆ, ಸ್ನಾನದ ಮನೆ ಬೇರೆ ಊರಲ್ಲಿದೆಯಾ?”

ಸಭೆ ನಕ್ಕಿತು. ಕದಗಳಿಗಾದರೂ ಒಪ್ಪಿಗೆ ಸಿಕ್ಕಿತಲ್ಲ, ಅರ್ಧಕ್ಕಿಂತ ಹೆಚ್ಚು ಗೆದ್ದೆನೆಂದು ನಾನು ಸಮಾಧಾನಪಟ್ಟುಕೊಂಡೆ.

ನಮ್ಮಲ್ಲಿಗೆ ಬರುವ ಆಚಾರಿಗಳು ಇದೇ ಮೊಹಲ್ಲಾದವರು. ಪ್ರತಿ ಮಳೆಗಾಲ ಬಂದು ಉಬ್ಬಿದ ಬಾಗಿಲುಗಳ ಅಂಚು ಕೀಸಿಹೋಗುವುದು ಅವರ ವಾಡಿಕೆ. ಹೀಗೆ ಕೀಸಿದ ಬಾಗಿಲು ಬೇಸಿಗೆಯಲ್ಲಿ ಒಣಗಿ ಕುಗ್ಗಿದಾಗ ಬೆರಳು ತೂರುವಷ್ಟು ಸಂದು ಬಿಡುತ್ತಿತ್ತು. ಹುಡುಗಿಯರು ಅದಕ್ಕೆ ಹಳೆಯ ದುಪ್ಪಟ್ಟಾ ತುರುಕುತ್ತಿದ್ದರು. ಮಳೆ ಬಂದರೆ ಮತ್ತೆ ಉಬ್ಬು, ಮತ್ತೆ ಕೀಸುವುದು. ಈ ಸಲ ಅವರು ಚೌಕಟ್ಟನ್ನು ಎದೆಯ ಎತ್ತರದಲ್ಲಿ ಮುಷ್ಟಿಯಿಂದ ತಟ್ಟಿ ನೋಡಿದರು. ಟಣ್ ಎಂದಿತು.

“ಕಲ್ಲಿದ್ದಂಗೈತೆ ಮೇಡಂ. ನಮ್ಮಪ್ಪನ ಕಾಲದ ಮರ. ಕದಾನೂ ರಿಪೇರಿ ಮಾಡ್ಬೋದಿತ್ತು, ನಿಮಗೇ ಪ್ಲಾಸ್ಟಿಕ್ ಹುಚ್ಚು.”

“ಕದ ನೀರಿನಲ್ಲಿ ನಿಲ್ಲುತ್ತದೆ ಆಚಾರ್ರೇ.”

“ದೋಣಿ ನಿಲ್ಲಲ್ವಾ?”

ನಾನೂ ತಟ್ಟಿದೆ. ನನ್ನ ಕಿವಿಗೂ ಟಣ್ ಎಂದೇ ಕೇಳಿಸಿತು. ಹಳೆಯ ಚೌಕಟ್ಟಿಗೆ ಹೊಸ ಕದಗಳು ಕೂತವು. ನಾನಂದುಕೊಂಡಿದ್ದಕ್ಕಿಂತ ಅವು ಭಾರವಾಗಿದ್ದವು. ಒಳಗೆ ಪೊಳ್ಳಿಲ್ಲದ, ಗಟ್ಟಿ ಹಲಗೆಯನ್ನೇ ಆರಿಸಿದ್ದೆ. ಆಚಾರಿಗಳು ಮೂರು ಕೀಲುಗಳಿಗೆ ತಿರುಪು ಬಿಗಿದು ಕದವನ್ನು ಒಂದು ಬೆರಳಲ್ಲಿ ಆಡಿಸಿ ತೋರಿಸಿದರು.

ಹುಡುಗಿಯನ್ನು ಕರೆದು, ಇದು ಉಬ್ಬುವ ವಸ್ತುವೇ ಅಲ್ಲವೆಂದು ವಿವರವಾಗಿ ತಿಳಿಹೇಳಿದೆ. ಅವಳು ಕೊನೆಯವರೆಗೂ ಕೇಳಿ, “ನಿಮ್ಮ ಮಾತು ನಂಬ್ತೀನಿ ಮೇಡಂ, ಬಾಗ್ಲನ್ನ ನಂಬಲ್ಲ” ಎಂದಳು. ಆದರೂ ಮರುದಿನ ಚಿಲಕ ಹಾಕಿದಳು. ಅದರ ಮರುದಿನವೂ ಹಾಕಿದಳು.

ಶ್ರಾವಣ ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ, ಅವಳು ಸ್ನಾನ ಮುಗಿಸಿ ಕದ ಎಳೆದೊಡನೆ ಕೆಳಗಿನ ಕೀಲು ತಿರುಪುಗಳ ಸಮೇತ ಚೌಕಟ್ಟಿನಿಂದ ಕಳಚಿಕೊಂಡಿತು. ಅಷ್ಟು ಭಾರವನ್ನು ಮೇಲಿನ ಕೀಲುಗಳು ತಡೆಯಲಿಲ್ಲ. ಕದ ವಾಲಿ ಅವಳ ಭುಜದ ಮೇಲೆ ಬಿತ್ತು. ಮೂಳೆಗೇನೂ ಆಗಲಿಲ್ಲ, ಭುಜ ಕಪ್ಪುಗಟ್ಟಿತು. ಆದರೆ ಮೊದಲ ದಿನದಂತೆ ಯಾರೂ ನಗಲಿಲ್ಲ.

ಗೌರಿ ಹಬ್ಬ ಕಳೆದ ಮೇಲೆ ಅವಳ ಅಣ್ಣ ಬಂದ. ಊರಿನಲ್ಲಿ ಸರಕು ಸಾಗಿಸುವ ಆಟೋ ಓಡಿಸುವವನು. ಕುರ್ಚಿಯ ತುದಿಯಲ್ಲಿ ಕೂತು, ತನ್ನ ಚಪ್ಪಲಿ ನೋಡಿಕೊಂಡೇ ಮಾತಾಡಿದ.

“ಮೇಡಂ, ನೀವು ಓದ್ದೋರು. ನಾನೇನೂ ಜಗಳಕ್ಕೆ ಬಂದಿಲ್ಲ. ಒಂದೇ ಮಾತು ಯೋಳಿ. ನಮ್ಮುಡ್ಗಿ ಬಾಗ್ಲಾಕ್ಕೊಂಡು ನೆಟ್ಟಗೆ ಮೈ ತೊಳ್ಕೊಳ್ಳಕ್ಕಾಗದ ಜಾಗದಲ್ಲಿ ಎಂಗೆ ಬುಟ್ಬುಟ್ಟು ಓಗ್ಲಿ?”

ಬಾಗಿಲ ಬಳಿ ನಿಂತಿದ್ದ ತಂಗಿ, “ಅಣ್ಣ, ಟ್ರೈನಿಂಗು ಮುಗಿಯಕ್ಕೆ ಬಂದದೆ ಕಣೋ” ಎಂದಳು.

“ನೀನು ಸುಮ್ಕಿರು. ಭುಜ ನೋಡಿ ಅವ್ವ ಅಳ್ತಾ ಕೂತವ್ಳೆ.” ನನ್ನ ಕಡೆ ತಿರುಗಿ, “ಆಯುಧ ಪೂಜೆಗೆ ಇವ್ಳು ಊರಿಗೆ ಬತ್ತಾಳೆ. ಅಲ್ಲೀಗಂಟ ನೋಡ್ತೀನಿ ಮೇಡಂ. ಇಂಗೇ ಇದ್ರೆ ವಾಪಸ್ ಕಳ್ಸಾಕಿಲ್ಲ” ಎಂದ.

ವಾದಕ್ಕೆ ಉತ್ತರ ಕಟ್ಟುವುದು ನನಗೆ ಅಭ್ಯಾಸವಾಗಿರುವ ಕೆಲಸ. ಆದರೆ ಅವನು ಕೇಳಿದ ಪ್ರಶ್ನೆಗೆ ಎದುರುಪಕ್ಷವೇ ಇರಲಿಲ್ಲ. “ಅಲ್ಲಿಯವರೆಗೆ ಸಮಯ ಕೊಟ್ಟಿದ್ದೀರಲ್ಲ, ಸಾಕು” ಎಂದಷ್ಟೇ ಹೇಳಿ ಕಳುಹಿಸಿದೆ.

ಅವನು ಹೋದ ಮೇಲೆ ಒಂದು ಸ್ಕ್ರೂಡ್ರೈವರು ತೆಗೆದುಕೊಂಡು ಸ್ನಾನದ ಮನೆಗೆ ಹೋಗಿ, ಕೀಲು ಕಳಚಿದ್ದ ಜಾಗದಲ್ಲಿ ಬಣ್ಣ ಕೆರೆಯುತ್ತ ಕೂತೆ. ಕೆನೆ ಬಣ್ಣದ ಕೆಳಗೆ ಕಂದು, ಅದರ ಕೆಳಗೆ ನೀಲಿ, ಅದರ ಕೆಳಗೆ ಹಸಿರು. ಒಂದೊಂದು ದಸರೆಗೂ ಒಂದೊಂದು ಪದರ. ಮೊಣಕಾಲಿನ ಎತ್ತರದಿಂದ ಮೇಲಕ್ಕೆ ಮರ ಇನ್ನೂ ಬಿಗಿಯಾಗಿತ್ತು, ಕೆರೆದರೆ ತೇಗದ ವಾಸನೆಯೂ ಬರುತ್ತಿತ್ತು. ಅಲ್ಲಿಂದ ಕೆಳಕ್ಕೆ ಬಂದಂತೆ ಸ್ಕ್ರೂಡ್ರೈವರಿಗೆ ತಡೆ ಕಡಿಮೆಯಾಗುತ್ತ ಹೋಯಿತು. ನೆಲದ ಹತ್ತಿರ ಅದು ಟೀಯಲ್ಲಿ ಅದ್ದಿದ ರಸ್ಕಿನೊಳಗೆ ಇಳಿದಂತೆ ಹಿಡಿಯವರೆಗೂ ಇಳಿಯಿತು. ನಾವು ಎದೆಯ ಎತ್ತರದಲ್ಲಿ ತಟ್ಟಿ ನೋಡಿದ್ದೆವು. ಬಾಗಿಲು ಕೊಳೆಯುವುದು ಪಾದದಲ್ಲಿ. ಬಣ್ಣದ ದಪ್ಪ ಪದರಗಳು ಒಂದು ಚಿಪ್ಪಿನಂತೆ ನಿಂತು ಒಳಗಿನ ಪೊಳ್ಳನ್ನು ಮುಚ್ಚಿದ್ದವು.

ಹುಡುಗಿಯರಿಂದ ಪುಟ್ಟ ಕೈಗನ್ನಡಿಯೊಂದನ್ನು ಕೇಳಿ ಪಡೆದು, ಒಂದೊಂದೇ ಕೋಣೆಯ ಬಾಗಿಲಿನ ಕೆಳಗೆ ತೂರಿಸಿ ಅಡಿಯಂಚನ್ನು ನೋಡುತ್ತ ಬಂದೆ. ಎಲ್ಲ ಕಡೆಯೂ ಒಂದೇ ನೋಟ: ಮುಂದೆ ಬಣ್ಣ, ಹಿಂದೆ ಬಣ್ಣ, ಅಡಿಯಂಚು ಮಾತ್ರ ಬರಿ ಮರ. ಬಣ್ಣದವರ ಕುಂಚ ಅಲ್ಲಿಗೆ ಹೋಗುವುದಿಲ್ಲ; ನೋಡುವವರ ಕಣ್ಣೂ ಹೋಗುವುದಿಲ್ಲ. ಹುಡುಗಿಯರು ಹಬ್ಬಹಬ್ಬಕ್ಕೂ ಹೊಸ್ತಿಲಿಗೆ ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆದು ಅರಿಸಿನ ಹಚ್ಚುತ್ತಾರೆ. ಆ ನೀರನ್ನು ಮರ ಅಡಿಯಂಚಿನಿಂದ ಹೀರಿಕೊಳ್ಳುತ್ತದೆ. ಇದೂ ಸಾಲದೆಂಬಂತೆ ನಾವು ಬಣ್ಣಕ್ಕೆ ಆರಿಸಿಕೊಂಡ ಕಾಲ ದಸರೆ. ಮೈಸೂರಿನಲ್ಲಿ ದಸರೆಗೆ ಬಣ್ಣ ಕಾಣದ ಬಾಗಿಲೆಂದರೆ ಮನೆಯವರ ಸ್ಥಿತಿಯ ಬಗ್ಗೆಯೇ ಜನ ಅನುಮಾನಪಡುತ್ತಾರೆ. ಮಳೆಗಾಲವೆಲ್ಲ ನೀರು ಕುಡಿದು ತುಂಬಿಕೊಂಡಿರುವ ಮರಕ್ಕೆ, ಅದು ಉಸಿರು ಬಿಡುವ ಮೊದಲೇ, ಎನಾಮೆಲ್ ಬಳಿದು ನೀರನ್ನು ಒಳಗೇ ಬಂಧಿಸುತ್ತಿದ್ದೆವು. ವರ್ಷವರ್ಷವೂ ಭಕ್ತಿಯಿಂದ ಇದನ್ನೇ ಮಾಡಿದ್ದೆವು.

ಈಗ ಪ್ರಶ್ನೆ ಎರಡು ಭಾಗವಾಯಿತು. ಸ್ನಾನದ ಮನೆಯ ಬಾಗಿಲುಗಳ ವಿಷಯ ಸ್ಪಷ್ಟವಿತ್ತು. ಕೋಣೆಗಳ ಬಾಗಿಲುಗಳ ವಿಷಯ ಹಾಗಿರಲಿಲ್ಲ. ಅವುಗಳ ಅಡಿಯೂ ಮೆತ್ತಗಿತ್ತು. ಆದರೆ ಅದು ಕೊಳೆತ ಮೆತ್ತಗೋ, ನೆನೆದ ಮೆತ್ತಗೋ? ಡಬ್ಲ್ಯುಪಿಸಿ ಅಂಗಡಿಯವರು ಬಂದು ನೋಡಿ, “ಎಲ್ಲಾ ಹೋಗಿದೆ ಮೇಡಂ, ಒಟ್ಟಿಗೆ ಬದಲಾಯಿಸಿಬಿಡಿ” ಎಂದರು. ಆಚಾರಿಗಳು, “ಒಂದೂ ಹೋಗಿಲ್ಲ, ಕೀಸಿಕೊಡ್ತೀನಿ ಬುಡಿ” ಎಂದರು. ಒಬ್ಬರದು ಮಾರುವವರ ಕಣ್ಣು, ಇನ್ನೊಬ್ಬರದು ಮರವನ್ನು ಪ್ರೀತಿಸುವವರ ಕಣ್ಣು. ನನ್ನದೋ ಸಭೆಯಲ್ಲಿ “ಅಷ್ಟೂ ಬಾಗಿಲು” ಎಂದು ಘೋಷಿಸಿ ಬಂದವಳ ಕಣ್ಣು. ಮರ ಒಣಗುವವರೆಗೆ ಮೂವರಲ್ಲಿ ಯಾರಿಗೂ ಉತ್ತರ ಗೊತ್ತಾಗುವಂತಿರಲಿಲ್ಲ.

ಹೀಗೆ ಎರಡು ತೀರ್ಮಾನಗಳಿಗೆ ಬಂದೆ. ಸ್ನಾನದ ಮನೆಗಳಲ್ಲಿ ಕದದ ಜೊತೆಗೆ ಬಾಗಿಲುವಾಡವನ್ನೂ ಈಗಲೇ ಕೀಳಿಸುವುದು. ಉಳಿದ ಬಾಗಿಲುಗಳ ಕೆಳಭಾಗದ ಬಣ್ಣವನ್ನು ಪೂರ್ತಿ ಕೆರೆಸಿ, ಈ ದಸರೆಗೆ ಬಣ್ಣ ಹಚ್ಚದೆ, ಸಂಕ್ರಾಂತಿಯವರೆಗೆ ಗಾಳಿಗೆ ಬಿಟ್ಟು ಆಮೇಲೆ ತೀರ್ಪು ಕೊಡುವುದು.

ಅಧ್ಯಕ್ಷರ ಮುಂದೆ ಈ ಸಲ ಭಾಷಣ ಮಾಡಲಿಲ್ಲ. ಅವರನ್ನು ನೇರವಾಗಿ ಸ್ನಾನದ ಮನೆಗೆ ಕರೆದುಕೊಂಡು ಹೋಗಿ, “ಸರ್, ನಿಮ್ಮ ಸ್ಕೂಟರಿನ ಕೀಲಿಯಿಂದ ಇಲ್ಲಿ ಸ್ವಲ್ಪ ಒತ್ತಿ ನೋಡಿ” ಎಂದೆ. ಬಗ್ಗಿ ಒತ್ತಿದರು. ಕೀಲಿ ಕುತ್ತಿಗೆಯವರೆಗೂ ಒಳಗೆ ಹೋಯಿತು. ಅದನ್ನು ಹೊರತೆಗೆದು, ಮೆತ್ತಿಕೊಂಡಿದ್ದ ಕಪ್ಪು ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು.

“ಇದರ ಮೇಲಾ ಕದ ನಿಂತಿದ್ದು?”

“ಹೌದು ಸರ್.”

“ಸರಿ, ಕೀಳ್ಸು. ಆದ್ರೆ ಇನ್ನೇನು ಪಿತೃಪಕ್ಷ ಶುರುವಾಗುತ್ತಲ್ಲಮ್ಮ. ಪಕ್ಷದಲ್ಲಿ ಹೊಸ ಬಾಗಿಲುವಾಡ ನಿಲ್ಲಿಸೋದಾ? ನವರಾತ್ರಿ ಮುಗೀಲಿ.”

ನವರಾತ್ರಿ ಮುಗಿಯುವಷ್ಟರಲ್ಲಿ ಹುಡುಗಿ ಊರಿಗೆ ಹೋಗಿಯಾಗಿರುತ್ತದೆ. ನಾನು ಇದನ್ನು ಹೇಳಬೇಕೆನ್ನುವಷ್ಟರಲ್ಲಿ, ಪಾತ್ರೆ ತೊಳೆಯುತ್ತಿದ್ದ ಅಡುಗೆಯಮ್ಮ ಅಲ್ಲಿಂದಲೇ ಕೂಗಿದರು.

“ಯಾಕೆ ಸಾಮಿ, ಎಡೆ ಉಣ್ಣಕ್ಕೆ ಬರೋ ಹಿರೀಕ್ರು ನಮ್ ಬಚ್ಚಲು ಮನೆ ಬಾಗ್ಲು ಎಣಿಸ್ಕೊಂಡು ಓಯ್ತಾರಾ?”

ಅಧ್ಯಕ್ಷರು ನಗು ತಡೆಯಲು ನೋಡಿ ಸೋತರು. “ಬಾಯಿ ಬಹಳ ಜೋರು ಕಣಮ್ಮ ನಿಂದು. ಆಯ್ತು, ಮಾಡಿ. ಬಣ್ಣ ಬೇಡ ಅನ್ನೋದು ಮಾತ್ರ ನನಗೆ ಸರಿಬರಲ್ಲ. ಬೊಂಬೆ ನೋಡೋಕೆ ದಾನಿಗಳ ಮನೆಯವರೆಲ್ಲ ಬರ್ತಾರೆ. ದಸರೆಗೆ ಬೋಳು ಬಾಗಿಲಾ?”

“ಯಾಕೆಂದು ಕೇಳಲಿ ಸರ್. ಕೇಳಿದವರಿಗೆಲ್ಲ ನಾನು ಉತ್ತರ ಹೇಳುತ್ತೇನೆ.”

“ಹೇಳ್ತೀಯ, ಗೊತ್ತು. ಅದೇ ನನ್ನ ಭಯ” ಎಂದು ಹೊರಟುಹೋದರು. ಬೇಡವೆನ್ನಲಿಲ್ಲ.

ಕೆಲಸ ಆರಂಭವಾಯಿತು. ಹಳೆಯ ಚೌಕಟ್ಟನ್ನು ಕಿತ್ತಾಗ ಕೊಳೆಯುವಿಕೆಯ ಇನ್ನೊಂದು ಕಾರಣವೂ ಹೊರಬಿತ್ತು. ನೆಲದ ಇಳಿಜಾರು ಮೋರಿಯ ಕಡೆಗಿರದೆ ಬಾಗಿಲಿನ ಕಡೆಗಿತ್ತು. ಚೌಕಟ್ಟಿನ ಪಾದವನ್ನು ಸಿಮೆಂಟಿನಲ್ಲಿ ಹೂತಿದ್ದರಿಂದ ಅದರ ಸುತ್ತ ಒಂದು ಬಟ್ಟಲೇ ಆಗಿ, ಅಲ್ಲಿ ನೀರು ಸದಾ ನಿಂತಿರುತ್ತಿತ್ತು. ಇಂಥ ಜಾಗದಲ್ಲಿ ಹೊಸ ತೇಗವನ್ನು ನಿಲ್ಲಿಸಿದರೂ ಅದರ ಗತಿ ಇದೇ ಆಗುತ್ತಿತ್ತು. ಗಾರೆಯವರನ್ನು ಕರೆಸಿ ಮೊದಲು ಇಳಿಜಾರನ್ನು ಮೋರಿಯ ಕಡೆಗೆ ತಿರುಗಿಸಿದೆವು. ಹೊಸ ಚೌಕಟ್ಟನ್ನೂ ಡಬ್ಲ್ಯುಪಿಸಿಯಲ್ಲೇ ಮಾಡಿಸಿ, ಅದರ ಪಾದಗಳನ್ನು ನೆಲಕ್ಕೆ ಹೂಳದೆ ಕಪ್ಪು ಕಲ್ಲಿನ ತುಂಡುಗಳ ಮೇಲೆ ನಿಲ್ಲಿಸಿದೆವು.

ಚೌಕಟ್ಟು ನಿಲ್ಲಿಸುವ ಮೊದಲು ಹುಡುಗಿ ಪಾಳಿ ಮುಗಿಸಿ ಬಂದವಳು ಅಲ್ಲೇ ನಿಂತು ನೋಡುತ್ತಿದ್ದಳು. ಕಾರ್ಖಾನೆಯಲ್ಲಿ ಅವಳು ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸುವ ವಿಭಾಗದವಳು.

“ಮೇಡಂ, ಬಾಗ್ಲು ಯಾವ ಕಡೆ ತೆರೆಯುತ್ತೆ?”

“ಮೊದಲಿನಂತೆ, ಒಳಗೆ.”

“ಅದೇ ತಪ್ಪು. ಒಳಗೆ ಸಿಕ್ಕಾಕ್ಕೊಂಡೋಳು ಎಳೀಬೇಕು. ಒದ್ದೆ ಕೈಲಿ ಎಳ್ಯಕ್ಕಾಗಲ್ಲ. ತಳ್ಳೋ ಅಂಗಿದ್ರೆ ಮೈಯೆಲ್ಲಾ ಹಾಕಿ ತಳ್ಬೋದು, ನಮ್ಮ ಅಡುಗೆ ಅಕ್ಕ ತಳ್ಳಲಿಲ್ವಾ ಅಂಗೆ.”

ನಾನು ಬಾಗಿಲಿನ ವಸ್ತುವಿನ ಬಗ್ಗೆ ಅಷ್ಟೆಲ್ಲ ಯೋಚಿಸಿದ್ದೆ. ಅದು ಯಾವ ಕಡೆಗೆ ತೆರೆಯಬೇಕೆಂದು ಕೇಳಿಕೊಂಡಿರಲಿಲ್ಲ. ಹೊರಕ್ಕೆ ತೆರೆದರೆ ಇಕ್ಕಟ್ಟಾದ ಮೊಗಸಾಲೆಯಲ್ಲಿ ಸಾಲು ನಿಂತವರಿಗೆ ಬಡಿಯುತ್ತದೆಂದು ಆಚಾರಿಗಳು ಆಕ್ಷೇಪಿಸಿದರು. ಕದ ತಿರುಗುವ ಜಾಗಕ್ಕೆ ನೆಲದ ಮೇಲೆ ಕೆಂಪು ಗೆರೆ ಎಳೆದು, ಬಕೆಟ್ಟುಗಳು ಗೆರೆಯಾಚೆ ಎಂದು ನಿಯಮ ಮಾಡಿದೆವು. ಕೀಲುಗಳನ್ನು ಹೊರಗಡೆಗೆ ಹಾಕಿಸಿದೆವು. ಏನಾದರೂ ಆದರೆ ಹೊರಗಿನಿಂದ ಕಳಚಬಹುದು. ಚಿಲಕವೂ ಬದಲಾಯಿತು. ಒಳಗಿನಿಂದ ಹಾಕುವಂಥದ್ದೇ, ಆದರೆ ಅಗತ್ಯ ಬಿದ್ದರೆ ಹೊರಗಿನಿಂದ ಒಂದು ನಾಣ್ಯವಿಟ್ಟು ತಿರುಗಿಸಿ ತೆರೆಯಬಹುದಾದದ್ದು.

ಆಚಾರಿಗಳಿಗೆ ಹೊಸ ವಸ್ತು ಒಗ್ಗಲು ಸಮಯ ಬೇಕಾಯಿತು. ತೇಗಕ್ಕೆ ಹೊಡೆಯುವಂತೆ ಅಂಚಿನ ಸಮೀಪ ನೇರವಾಗಿ ತಿರುಪು ಹೊಡೆದರು. ಚೌಕಟ್ಟಿನ ಒಂದು ಕಾಲು ಉದ್ದಕ್ಕೂ ಸೀಳಿತು. ಅದಕ್ಕೆ ಬದಲಿ ಬರುವವರೆಗೆ ಎರಡು ದಿನ ಕೆಲಸ ನಿಂತಿತು. ಆಮೇಲೆ ಅಂಚಿನಿಂದ ದೂರ ಸರಿದು, ಮೊದಲು ಸಣ್ಣ ತೂತು ಕೊರೆದು, ತುಕ್ಕು ಹಿಡಿಯದ ಉಕ್ಕಿನ ತಿರುಪು ಹಾಕಿದರು. ಕದಕ್ಕೆ ಮೂರರ ಬದಲು ನಾಲ್ಕು ಕೀಲು ಕೊಟ್ಟರು.

“ಮರ ಆಗಿದ್ರೆ ಉಜ್ಜಿದಾಗ ವಾಸ್ನೆ ಬರ್ತದೆ ಮೇಡಂ. ಇದು ಪ್ಲಾಸ್ಟಿಕ್ ಬಕೆಟ್ಟು ಸುಟ್ಟಂಗೆ ನಾರ್ತದೆ.”

“ಬಚ್ಚಲು ಮನೆಗೆ ತೇಗದ ಪರಿಮಳ ಬೇಕಾ ಆಚಾರ್ರೇ?”

“ಬೇಕಾಗಿಲ್ಲ. ಆದ್ರೆ ಮಳೆಗಾಲದಲ್ಲಿ ನಾನು ಕೀಸಕ್ಕೆ ಬರ್ದಿದ್ರೆ ನಿಮ್ಗೇ ಬೇಜಾರಾಯ್ತದೆ, ನೋಡ್ತಿರಿ.”

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ನಡುವಿನ ಸ್ನಾನದ ಮನೆ ಸಿದ್ಧವಾಯಿತು. ಹುಡುಗಿಯನ್ನು ಕರೆದು ಮತ್ತೆ ವಿವರಿಸಲು ಬಾಯಿ ತೆರೆದೆ. ಅವಳು ಕೈಯೆತ್ತಿ ತಡೆದಳು.

“ಯೋಳ್ಬೇಡಿ ಮೇಡಂ. ನಮ್ಮ ಫ್ಯಾಕ್ಟ್ರೀಲಿ ಟೆಸ್ಟ್ ಮಾಡ್ದೆ ಏನೂ ಆಚೆ ಬುಡಲ್ಲ. ಮೊದ್ಲು ನೆನೆಸೋಣ.”

ಅವಳೂ ಅವಳ ಕೋಣೆಯವರೂ ಸೇರಿ ಆ ಕದಕ್ಕೆ ಅಭಿಷೇಕವನ್ನೇ ಮಾಡಿದರು. ಮುಂದೆ, ಹಿಂದೆ, ಅಡಿಗೆ, ಕೀಲುಗಳಿಗೆ ನೀರು. ಬಿಸಿನೀರು, ಸೋಪಿನ ನೀರು. ರಾತ್ರಿ ಅಡಿಯಂಚಿಗೆ ಒದ್ದೆ ಗೋಣಿತಾಟು ಸುತ್ತಿಟ್ಟರು. ಮರುದಿನ ಸಂಜೆ ಪಾಳಿಯಿಂದ ಬಂದು, ಗೋಣಿತಾಟು ಬಿಚ್ಚಿ, ಕದ ಮುಚ್ಚಿ ತೆರೆದು, ಮುಚ್ಚಿ ತೆರೆದು, ಒಬ್ಬ ಗೆಳತಿಯನ್ನು ಅದರ ಹಿಡಿಗೆ ಜೋತುಬೀಳಿಸಿ ನೋಡಿದಳು.

“ನಾನೇನು ಗೋಣಿ ಮೂಟೇನಾ?” ಎಂದು ಗೆಳತಿ ಗೊಣಗಿದಳು.

“ಅದ್ಕಿಂತ ಜಾಸ್ತಿ ಇದೀಯ, ಜೋತ್ಕೊ.”

ಕೊನೆಗೆ ಒಳಗೆ ಹೋಗಿ ಚಿಲಕ ಹಾಕಿದಳು. ಹೊರಗೆ ನಾವೆಲ್ಲ ಕೆಂಪು ಗೆರೆಯಾಚೆ ನಿಂತಿದ್ದೆವು. ಚಿಲಕ ಸರಿದ ಸದ್ದು, ಬಾಗಿಲು ತೆರೆಯಿತು. ಮತ್ತೆ ಮುಚ್ಚಿಕೊಂಡಳು. ಎರಡನೆಯ ಸಲ ಒಳಗೆ ಸ್ವಲ್ಪ ಹೆಚ್ಚು ಹೊತ್ತು ಇದ್ದಳು. ಮೂರನೆಯ ಸಲ ಮೇಲಿನ ಕೀಲಿನ ಬಳಿ ಕೂದಲೆಳೆಯಷ್ಟು ಉಜ್ಜುತ್ತಿದೆಯೆಂದು ತೋರಿಸಿದಳು. ಆಚಾರಿಗಳು ಗೊಣಗುತ್ತ ತಿರುಪು ಸಡಿಲಿಸಿ ಸರಿಪಡಿಸಿದರು. ಆದರೆ ಹೋಗುವಾಗ “ಕಣ್ಣೈತೆ ಈ ಹೆಣ್ಣಿಗೆ” ಎಂದು ನನಗೆ ಕೇಳಿಸುವಂತೆ ಹೇಳಿದರು.

ನವರಾತ್ರಿ ಬಂತು. ನಡುಮನೆಯಲ್ಲಿ ಬೊಂಬೆಗಳು ಕೂತವು. ಅವುಗಳ ಸುತ್ತಲಿನ ಬಾಗಿಲುಗಳೆಲ್ಲ ಕೆಳಗೆ ಬರಿ ಮರ, ಮೇಲೆ ಮಾಸಿದ ಕೆನೆ ಬಣ್ಣ, ನಡುವೆ ಕೆರೆದ ಗಾಯಗಳು. ದಾನಿಗಳ ಮನೆಯ ಹಿರಿಯ ಹೆಂಗಸೊಬ್ಬರು, “ಏನ್ರೀ ಇದು, ಈ ವರ್ಷ ಬಣ್ಣಕ್ಕೂ ಗತಿ ಇಲ್ವಾ?” ಎಂದು ಕೇಳಿಯೇಬಿಟ್ಟರು. ನಾನು ಸಿದ್ಧವಿದ್ದ ಉತ್ತರವನ್ನು ಆರಂಭಿಸುವ ಮೊದಲೇ ಅಧ್ಯಕ್ಷರು ಮುಂದೆ ಬಂದರು.

“ಬನ್ನಿ ಇಲ್ಲಿ, ತೋರಿಸ್ತೀನಿ. ಬಾಗಿಲು ಕೊಳೆಯೋದು ಎಲ್ಲಿಂದ ಹೇಳಿ ನೋಡೋಣ?”

ಆಮೇಲೆ ಆ ದಸರೆಯುದ್ದಕ್ಕೂ ಬೊಂಬೆ ನೋಡಲು ಬಂದವರಿಗೆಲ್ಲ ಬಾಗಿಲಿನ ಪಾಠವಾಯಿತು. ಅಧ್ಯಕ್ಷರ ಸ್ಕೂಟರಿನ ಕೀಲಿ ಅನೇಕ ಕೈಗಳನ್ನು ದಾಟಿತು. ಕೆಲವರು ತಮ್ಮ ಮನೆಯ ಬಣ್ಣದವರಿಗೆ ಅಲ್ಲಿಂದಲೇ ಫೋನು ಮಾಡಿ, ಸಂಕ್ರಾಂತಿಯ ಮೇಲೆ ಬನ್ನಿ ಎಂದದ್ದನ್ನು ನಾನೇ ಕೇಳಿದೆ.

ಆಯುಧ ಪೂಜೆಯ ಹಿಂದಿನ ದಿನ ಹುಡುಗಿ ಚೀಲ ಹಿಡಿದು ಊರಿಗೆ ಹೊರಟಳು. “ಬರ್ತೀನಿ ಮೇಡಂ” ಎಂದಳು. ಎಲ್ಲರೂ ಹೊರಡುವಾಗ ಹಾಗೆಯೇ ಹೇಳುತ್ತಾರೆ. ನಾನು ಅದನ್ನು ಭರವಸೆಯಾಗಿ ತೆಗೆದುಕೊಳ್ಳಲು ಹೆದರಿದೆ. ವಿಜಯದಶಮಿ ಕಳೆದು ಕಾರ್ಖಾನೆ ತೆರೆಯುವ ಹಿಂದಿನ ಸಂಜೆ ಗೇಟಿನ ಮುಂದೆ ಸರಕಿನ ಆಟೋ ಬಂದು ನಿಂತಿತು. ಮುಂದೆ ಚೆಂಡುಹೂವಿನ ಹಾರ ಇನ್ನೂ ಬಾಡಿರಲಿಲ್ಲ. ಅಣ್ಣ ಒಳಗೆ ಬಂದು, ನನ್ನ ಒಪ್ಪಿಗೆ ಪಡೆದು, ಖಾಲಿಯಿದ್ದ ಸ್ನಾನದ ಮನೆಗೆ ಹೋಗಿ ತಾನೇ ಚಿಲಕ ಹಾಕಿಕೊಂಡ. ಹೊರಬಂದು ತಂಗಿಗೆ, “ಇದು ನಮ್ಮನೆದಕ್ಕಿಂತ ಚೆನ್ನಾಗೈತಲ್ಲೇ” ಎಂದವನೇ ನಾಚಿಕೊಂಡು ಹೊರಟುಬಿಟ್ಟ.

ಸಂಕ್ರಾಂತಿಯ ಹೊತ್ತಿಗೆ ಒಣಗಾಳಿ ಬೀಸಿ ಕೋಣೆಗಳ ಬಾಗಿಲುಗಳು ತಮ್ಮ ನಿಜಸ್ಥಿತಿ ತೋರಿಸಿದವು. ಹೆಚ್ಚಿನವು ಕುಗ್ಗಿ, ಬಿಗಿದು, ಸ್ಕ್ರೂಡ್ರೈವರಿಗೆ ಎದುರು ನಿಂತವು. ಅವು ನೆನೆದಿದ್ದವು, ಕೊಳೆತಿರಲಿಲ್ಲ. ಅವುಗಳ ಅಡಿಯಂಚಿಗೆ ಮೊದಲು ಪ್ರೈಮರು, ಆಮೇಲೆ ಬಣ್ಣ ಕೊಟ್ಟು ಉಳಿಸಿಕೊಂಡೆವು. ನೀರಿನ ತೊಟ್ಟಿಯ ಕೆಳಗಿನ ಕೋಣೆಯದೂ ಬಟ್ಟೆ ಒಗೆಯುವ ಜಾಗದ್ದೂ ಒಣಗಿದ ಮೇಲೂ ಪುಡಿಪುಡಿಯಾಗಿ ಉದುರುತ್ತಿದ್ದವು, ಅವನ್ನು ಬದಲಾಯಿಸಿದೆವು. ಬೀದಿಯ ದೊಡ್ಡ ಬಾಗಿಲಿಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಬಡಿಯುತ್ತದೆ. ಅಂಥ ಬಿಸಿಲಿನಲ್ಲಿ ಡಬ್ಲ್ಯುಪಿಸಿ ಹಿಗ್ಗಿ ಸೊಟ್ಟಗಾಗಬಹುದೆಂದು ಅಂಗಡಿಯವರೇ ಒಪ್ಪಿಕೊಂಡರು. ಅಲ್ಲಿ ತೇಗವೇ ಉಳಿಯಿತು. ಸಭೆಯಲ್ಲಿ “ಅಷ್ಟೂ ಬಾಗಿಲು” ಎಂಬ ನನ್ನ ಮೊದಲ ಠರಾವನ್ನು ನಾನೇ ಹಿಂತೆಗೆದುಕೊಂಡೆ. ಬಾಗಿಲಿಗೆ ಎಷ್ಟು ವಯಸ್ಸಾಯಿತು ಎಂಬುದು ಕೇಳಬೇಕಾದ ಪ್ರಶ್ನೆಯಲ್ಲ. ಅದು ನಿಂತ ಜಾಗದಲ್ಲಿ ಅದಕ್ಕೆ ಒಣಗಲು ಬಿಡುವು ಸಿಗುತ್ತದೆಯೇ ಎಂದು ಕೇಳಬೇಕು. ಬಿಡುವು ಸಿಗುವ ಕಡೆ ಮರವನ್ನು ಕಾಪಾಡಬಹುದು. ಸಿಗದ ಕಡೆ ಮರವನ್ನು ಇಡುವುದು ಮರಕ್ಕೂ ಅನ್ಯಾಯ, ಅದರ ಹಿಂದೆ ನಿಲ್ಲುವ ಮನುಷ್ಯರಿಗೂ ಅನ್ಯಾಯ.

ಮತ್ತೆ ಆಷಾಢ ಬಂತು. ವಾರಗಟ್ಟಲೆ ಬಿಸಿಲೇ ಕಾಣಲಿಲ್ಲ. ಒಂದು ಮುಂಜಾನೆ ಮೊದಲ ಪಾಳಿಯ ಹೊತ್ತಿಗೆ ನಾನು ಮೊಗಸಾಲೆಗೆ ಬಂದಾಗ ಕೆಂಪು ಗೆರೆಯಾಚೆ ಬಕೆಟ್ಟುಗಳ ಸಾಲು ಬೆಳೆದಿತ್ತು. ನಡುವಿನ ಸ್ನಾನದ ಮನೆಯ ಬಾಗಿಲು ಮುಚ್ಚಿತ್ತು. ಒಳಗಿದ್ದವಳು ಅವಳೇ; ತರಬೇತಿ ಮುಗಿದು ಕೆಲಸ ಕಾಯಂ ಆಗಿತ್ತು. ಒಳಗಿನಿಂದ ನೀರು ಸುರಿಯುವ ಸದ್ದಿನ ಜೊತೆ ಯಾವುದೋ ಹಾಡಿನ ಗುನುಗು ಕೇಳುತ್ತಿತ್ತು.

“ಲೇ, ಬಸ್ ಬರ್ತದೆ ಕಣೇ!” ಎಂದು ಒಬ್ಬಳು ಕದ ಬಡಿದಳು.

ಅಡುಗೆಯಮ್ಮ ಸೌಟು ಹಿಡಿದುಕೊಂಡೇ ಬಂದರು. “ಏನೇ, ಒಳಗೇ ಸಂಸಾರ ಹೂಡ್ಬುಟ್ಯಾ? ನಾನೇ ಬಂದು ತಳ್ಳಲಾ?”

“ತಳ್ಳಿದ್ರೆ ತೆರೆಯಲ್ಲ ಕಣಕ್ಕೋ, ಎಳೀಬೇಕು!” ಎಂದು ಒಳಗಿನಿಂದ ಉತ್ತರ ಬಂತು. “ಇನ್ನೆರಡು ಚೊಂಬು, ಇರ್ರೇ!”

ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಬೈದರು. ಹೊತ್ತಿಗೆ ಸರಿಯಾಗಿ ಎಲ್ಲರನ್ನೂ ಹೊರಡಿಸುವುದು ನನ್ನ ಕೆಲಸ, ನಾನೂ ಗದರಬೇಕಿತ್ತು. ಅವಳ ಎರಡು ಚೊಂಬು ಮುಗಿಯುವವರೆಗೆ ಸುಮ್ಮನೆ ನಿಂತಿದ್ದೆ.